ಬಾವಿಯ ಪಕ್ಕದ ಹಿತ್ತಿಲಿಗೆ ಕಳೆನಾಶಕ ಸಿಂಪಡಿಸುವುದಿಲ್ಲ. ಕೊನ್ನಾರಿ ಎಂಬ ಗಡ್ಡೆಯ ಕಳೆಯನ್ನು ಬೇರೆ ಹೇಗೆ ಮಣಿಸುವುದು?

ಬಾವಿಕಟ್ಟೆ, ಹಿರಿಯಡ್ಕ · ಮೇ 27, ರಾತ್ರಿ 9.10

ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲೆನಿಸುವ ಪತ್ತನಾಜೆ ಕಳೆದು ಮೂರು ದಿನವಾಯಿತು. ಎರಡು ಅಡ್ಡಮಳೆ ಬಿದ್ದದ್ದಕ್ಕೇ ಹಿತ್ತಿಲು ಹಸಿರಾಗಿದೆ. ಆ ಹಸಿರಿನಲ್ಲಿ ನಾವು ನೆಟ್ಟದ್ದು ಒಂದೂ ಇಲ್ಲ.

ಮನೆಯ ಹಿಂದೆ ಹತ್ತು ಸೆಂಟ್ಸ್ ಜಾಗವಿದೆ. ಮಳೆಗಾಲಕ್ಕೆ ಬೆಂಡೆ, ಹೀರೆ, ಅಲಸಂಡೆ ಹಾಕುತ್ತೇವೆ. ಬಸಳೆ ಚಪ್ಪರ, ನಾಲ್ಕು ಬಾಳೆ, ಎರಡು ತೆಂಗು ಇವೆ, ನಡುವೆ ಬಾವಿ. ಕಳೆದ ವರ್ಷ ತರಕಾರಿ ಸಾಲುಗಳನ್ನು ಕೊನ್ನಾರಿ ಗಡ್ಡೆ ನುಂಗಿಹಾಕಿತು. ಬಾವಿಗೆ ಹೋಗುವ ದಾರಿಯ ಎರಡೂ ಬದಿ ನಾಚಿಕೆ ಮುಳ್ಳು. ಎದುರಿನ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದೆವು, ಈಗ ಅದರ ಸಂದಿಗಳಲ್ಲೂ ಹುಲ್ಲು. ಮೊದಲು ಅಮ್ಮ ದಿನವೂ ಒಂದು ಗಂಟೆ ಕುಳಿತು ಕೀಳುತ್ತಿದ್ದರು. ಈಗ ಅವರ ಮೊಣಕಾಲು ಬಾಗುವುದಿಲ್ಲ. ನಾನು ಮಣಿಪಾಲದಲ್ಲಿ ಕೆಲಸ ಮುಗಿಸಿ ಬರುವಾಗ ಕತ್ತಲಾಗಿರುತ್ತದೆ.

ಪಕ್ಕದ ಮನೆಯವರು "ಒಂದು ಸಲ ಮದ್ದು ಬಿಡಿ, ಹದಿನೈದು ದಿನದಲ್ಲಿ ಎಲ್ಲ ಕರಟಿ ಹೋಗುತ್ತದೆ" ಎನ್ನುತ್ತಾರೆ. ಪಂಪನ್ನೂ ಅವರೇ ಕೊಡುತ್ತಾರಂತೆ. ಆದರೆ ತರಕಾರಿ ಸಾಲಿನಿಂದ ಬಾವಿಗೆ ಇರುವುದು ಹನ್ನೆರಡು ಹೆಜ್ಜೆ. ಆ ನೀರನ್ನೇ ನಾವು ಕುಡಿಯುತ್ತೇವೆ. ಕಳೆನಾಶಕ ಬೇಡ ಎಂದು ತೀರ್ಮಾನಿಸಿಯಾಗಿದೆ. ದಯವಿಟ್ಟು ಬೇರೆ ದಾರಿ ಹೇಳಿ.

ತಾರಸಿ ತೋಟ, ಕದ್ರಿ · ಮೇ 27, ರಾತ್ರಿ 9.32

ವಿನೆಗರ್, ಉಪ್ಪು, ಪಾತ್ರೆ ತೊಳೆಯುವ ದ್ರಾವಣ, ಈ ಮೂರನ್ನು ಬೆರೆಸಿ ಬಿಸಿಲಿನಲ್ಲಿ ಸಿಂಪಡಿಸಿದರೆ ಸಂಜೆಯೊಳಗೆ ಎಲೆ ಬಾಡುತ್ತದೆ. ಎಲ್ಲವೂ ಅಡುಗೆಮನೆಯ ವಸ್ತುಗಳು, ಭಯವಿಲ್ಲ.

ಮಲ್ಲಿಗೆಯಂಗಳ, ಶಂಕರಪುರ · ಮೇ 27, ರಾತ್ರಿ 9.40

ಉಪ್ಪು ಬೇಡವೇ ಬೇಡ! ತರಕಾರಿ ಮಣ್ಣಿಗೆ ಉಪ್ಪು ಹಾಕುವುದಕ್ಕಿಂತ ಕಳೆಯೇ ಒಳ್ಳೆಯದು.

ಗುಡ್ಡದ ಮನೆ, ಮೂಡುಬಿದಿರೆ · ಮೇ 27, ರಾತ್ರಿ 9.51

ಅದು ಹೇಗೆ? ನಮ್ಮ ಅಜ್ಜ ತೆಂಗಿನ ಬುಡಕ್ಕೆ ವರ್ಷವೂ ಉಪ್ಪು ಹಾಕುತ್ತಿದ್ದರು. ಮರಗಳು ಈಗಲೂ ಗೊನೆ ಬಿಡುತ್ತಿವೆ.

ಹಳೆಯ ಮೇಷ್ಟ್ರು, ಕುಂದಾಪುರ · ಮೇ 27, ರಾತ್ರಿ 10.05

ನಿಮ್ಮ ಅಜ್ಜ ಮಾಡಿದ್ದು ತಪ್ಪಲ್ಲ. ತೆಂಗು ಕಡಲ ತಡಿಯ ಮರ, ಉಪ್ಪನ್ನು ತಡೆದುಕೊಳ್ಳುತ್ತದೆ; ಉಪ್ಪಿನಲ್ಲಿರುವ ಕ್ಲೋರಿನ್ ಅದಕ್ಕೆ ಬೇಕು ಕೂಡ. ಬೆಂಡೆ, ಅಲಸಂಡೆ, ಮಲ್ಲಿಗೆಗೆ ಆ ಶಕ್ತಿ ಇಲ್ಲ. ಉಪ್ಪಿನ ಸೋಡಿಯಂ ಮಣ್ಣಿನ ಕಣಗಳನ್ನು ಬಿಡಿಸಿ ಹೆಂಟೆ ಒಡೆಯುತ್ತದೆ. ಆಮೇಲೆ ಆ ಮಣ್ಣು ಮಳೆಯಲ್ಲಿ ಕೆಸರಾಗಿ, ಬಿಸಿಲಿನಲ್ಲಿ ಗಟ್ಟಿ ಹಕ್ಕಳೆಯಾಗುತ್ತದೆ. ನಮ್ಮ ಮಳೆಗೆ ಉಪ್ಪು ತೊಳೆದು ಹೋಗಬಹುದು ಎನ್ನುತ್ತೀರಾದರೆ, ಎಲ್ಲಿಗೆ ಹೋಗುತ್ತದೆ? ಬಾವಿಗೆ ತಾನೆ?

ವಿನೆಗರಿನ ಬಗ್ಗೆ: ಅಂಗಡಿಯಲ್ಲಿ ಸಿಗುವುದರಲ್ಲಿ ಅಸಿಟಿಕ್ ಆಮ್ಲ ಶೇ. 4–5 ಇರುತ್ತದೆ. ಅದು ಎಳೆಯ ಎಲೆಯನ್ನು ಸುಡುತ್ತದೆ, ಬೇರನ್ನು ಮುಟ್ಟುವುದಿಲ್ಲ. ಕೊನ್ನಾರಿಯ ಜೀವ ಗಡ್ಡೆಯಲ್ಲಿದೆ. ಎಲೆ ಸುಟ್ಟರೆ ವಾರದಲ್ಲಿ ಇನ್ನೊಂದು ಎಲೆ ಬರುತ್ತದೆ. ಹೆಚ್ಚು ತೀಕ್ಷ್ಣವಾದ ಆಮ್ಲ ತಂದು ಹೊಡೆಯುವವರೂ ಇದ್ದಾರೆ. ಅದು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಅಡುಗೆಮನೆಯದು ಎಂಬ ಮಾತ್ರಕ್ಕೆ ನಿರಪಾಯವಲ್ಲ.

ತಾರಸಿ ತೋಟ, ಕದ್ರಿ · ಮೇ 27, ರಾತ್ರಿ 10.12

ಸರಿ, ಒಪ್ಪಿದೆ. ನಾನು ಬಳಸಿದ್ದು ತಾರಸಿಯ ಬಿರುಕುಗಳಿಗೆ ಮಾತ್ರ, ಅಲ್ಲಿ ಮಣ್ಣಿರಲಿಲ್ಲ.

ಅಡಿಕೆ ಸೋಗೆ, ಕಾರ್ಕಳ · ಮೇ 28, ಬೆಳಿಗ್ಗೆ 6.20

ಎಲ್ಲರಿಗೂ ಬೇಸರವಾಗುವ ಮಾತು ಹೇಳುತ್ತೇನೆ, ಹೇಳದಿದ್ದರೆ ಸುಳ್ಳಾಗುತ್ತದೆ. ನನ್ನದು ಐದು ಎಕರೆ ಅಡಿಕೆ. ಹುಲ್ಲು ಹೆರೆಯಲು ಜನ ಸಿಗುವುದಿಲ್ಲ. ಸಿಕ್ಕಿದರೂ ಮಳೆ ಹಿಡಿದರೆ ಬರುವುದಿಲ್ಲ. ವರ್ಷಕ್ಕೆ ಒಂದು ಸಲ ಗ್ಲೈಫೋಸೇಟ್ ಎಂಬ ಕಳೆನಾಶಕ ಬಿಡುತ್ತಿದ್ದೆ. ಅದು ಮಣ್ಣಿಗೆ ಬಿದ್ದ ಕೂಡಲೇ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ, ಬಾವಿಗೆ ಅಷ್ಟು ಸುಲಭವಾಗಿ ಇಳಿಯುವುದಿಲ್ಲ ಎಂದು ಓದಿದ್ದೇನೆ. ಹತ್ತು ಸೆಂಟ್ಸ್‌ನವರು ಕೈಯಲ್ಲಿ ಕೀಳಬಹುದು. ನಮ್ಮ ಕಷ್ಟವೇ ಬೇರೆ.

ಹಳೆಯ ಮೇಷ್ಟ್ರು, ಕುಂದಾಪುರ · ಮೇ 28, ಬೆಳಿಗ್ಗೆ 7.45

ಮಣ್ಣಿಗೆ ಅಂಟುತ್ತದೆ ಎಂಬುದು ನಿಜ. ಆದರೆ ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣು ಇದ್ದಲ್ಲೇ ಇರುತ್ತದೆಯೇ? ಅಂಟಿಕೊಂಡ ಮಣ್ಣಿನ ಸಮೇತ ಅದು ತೋಡಿಗೆ ಹರಿಯುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ಸೋರು ನೆಲ. ಕಟ್ಟೆ ಸರಿಯಿಲ್ಲದ ಬಾವಿಗೆ ಮೇಲಿನ ನೀರು ನೇರವಾಗಿ ಇಳಿಯುವುದನ್ನು ಎಲ್ಲರೂ ಕಂಡಿದ್ದೇವೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಗ್ಲೈಫೋಸೇಟನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಗುಂಪಿಗೆ ಸೇರಿಸಿತು. ಬೇರೆ ಕೆಲವು ನಿಯಂತ್ರಣ ಸಂಸ್ಥೆಗಳು ಅದನ್ನು ಒಪ್ಪಿಲ್ಲ, ಅದನ್ನೂ ಹೇಳಬೇಕು. ನಮ್ಮ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿ, ಕೀಟ ನಿಯಂತ್ರಣದ ಪರವಾನಗಿ ಉಳ್ಳವರ ಹೊರತು ಬೇರೆ ಯಾರೂ ಅದನ್ನು ಬಳಸಬಾರದು ಎಂದು ಹೇಳಿತು. ಪಕ್ಕದ ಮನೆಯವರ ಪಂಪು ತಂದು ಬಿಡುವ ವಸ್ತು ಅದಲ್ಲ.

ಪ್ಯಾರಾಕ್ವಾಟ್ ಎಂಬ ಇನ್ನೊಂದನ್ನೂ ಅಂಗಡಿಯವರು ಕೊಡುತ್ತಾರೆ. ಅದು ಹೊಟ್ಟೆಗೆ ಹೋದರೆ ಪ್ರತಿವಿಷವೇ ಇಲ್ಲ. ಮಕ್ಕಳಿರುವ ಮನೆಯ ಅಟ್ಟದಲ್ಲಿ ಅದರ ಅರ್ಧ ಬಾಟಲಿ ಇರುವುದನ್ನು ನಾನು ನೋಡಿದ್ದೇನೆ.

ಗೇರುಗುಡ್ಡೆ, ಬೆಳ್ತಂಗಡಿ ಕಡೆಯವರು, ಈಗ ಮಂಗಳೂರು · ಮೇ 28, ಬೆಳಿಗ್ಗೆ 8.30

ನಮ್ಮ ಬೆಳ್ತಂಗಡಿ ಕಡೆಯ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಥೆ ಮರೆತರೆ ಹೇಗೆ? ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕಳೆನಾಶಕವನ್ನು ಸುರಿದಾಗಲೂ ಏನೂ ಆಗುವುದಿಲ್ಲ ಎಂದೇ ಹೇಳಿದ್ದರು.

ಹಳೆಯ ಮೇಷ್ಟ್ರು, ಕುಂದಾಪುರ · ಮೇ 28, ಬೆಳಿಗ್ಗೆ 8.41

ಒಂದು ತಿದ್ದುಪಡಿ. ಎಂಡೋಸಲ್ಫಾನ್ ಕಳೆನಾಶಕವಲ್ಲ, ಕೀಟನಾಶಕ. ಗೇರಿನ ಚಿಗುರು ಹೀರುವ ಟೀ ಸೊಳ್ಳೆ ಎಂಬ ಕೀಟಕ್ಕೆಂದು ಸಿಂಪಡಿಸಿದ್ದು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶಾದ್ಯಂತ ತಡೆಯಿತು.

ಗೇರುಗುಡ್ಡೆ · ಮೇ 28, ಬೆಳಿಗ್ಗೆ 8.50

ತಿದ್ದಿದ್ದಕ್ಕೆ ಕೃತಜ್ಞತೆ. ಹೆಸರು ತಪ್ಪಿದೆ, ನನ್ನ ಮಾತು ಬದಲಾಗುವುದಿಲ್ಲ. ನಮ್ಮ ಓಣಿಯಲ್ಲಿ ಹಾಸಿಗೆ ಬಿಟ್ಟು ಏಳಲಾಗದ ಹುಡುಗನನ್ನು ನೋಡುತ್ತಾ ಬೆಳೆದವಳು ನಾನು. ಅಂದು ನಾವು ಬಾವಿಗಳಿಗೆ ಮುಚ್ಚಳ ಕೂಡ ಹಾಕಿರಲಿಲ್ಲ. ಇಲ್ಲಿ ವಿಷಕ್ಕೂ ಮದ್ದು ಎಂದೇ ಹೇಳುವ ರೂಢಿ. ಮದ್ದು ಎಂದ ಕೂಡಲೇ ಮನಸ್ಸಿನಲ್ಲಿ ಭಯ ಹೋಗಿಬಿಡುತ್ತದೆ. ಆ ಪದವನ್ನೇ ಮೊದಲು ಬಿಡಬೇಕು.

ಬಾವಿಕಟ್ಟೆ, ಹಿರಿಯಡ್ಕ · ಮೇ 28, ಬೆಳಿಗ್ಗೆ 9.00

ಇದನ್ನು ಅಮ್ಮನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ.

ಈಗ ಕೊನ್ನಾರಿಗೆ ಬರೋಣವೇ? ಮಳೆ ಬಲವಾಗಿ ಹಿಡಿಯುವ ಮೊದಲು ಏನಾದರೂ ಮಾಡಬೇಕು. ಕಳೆದ ವರ್ಷ ಕಿತ್ತಷ್ಟೂ ಹೆಚ್ಚಾಯಿತು.

ಮಲ್ಲಿಗೆಯಂಗಳ, ಶಂಕರಪುರ · ಮೇ 28, ಮಧ್ಯಾಹ್ನ 1.15

ಕಿತ್ತಷ್ಟೂ ಹೆಚ್ಚಾಗುವುದು ನಿಮ್ಮ ಭ್ರಮೆಯಲ್ಲ. ಕೊನ್ನಾರಿಯ ಗಡ್ಡೆಗಳು ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಮೇಲಿನ ಗಿಡ ಎಳೆದರೆ ದಾರ ತುಂಡಾಗುತ್ತದೆ. ಅಲ್ಲಿಯವರೆಗೆ ಸುಮ್ಮನೆ ಮಲಗಿದ್ದ ಗಡ್ಡೆಗಳು ಒಂದೊಂದಾಗಿ ಚಿಗುರುತ್ತವೆ. ಟಿಲ್ಲರ್ ಹೊಡೆಸಿದರಂತೂ ಒಂದು ಮೂಲೆಯದ್ದನ್ನು ಇಡೀ ಹಿತ್ತಿಲಿಗೆ ಬಿತ್ತಿದ ಹಾಗೆ.

ನಾನು ಮಾಡಿದ್ದು ಹೀಗೆ. ಮಲ್ಲಿಗೆಯ ಪಾತಿಯಲ್ಲಿ ಆಳ ಅಗೆಯುವ ಹಾಗಿಲ್ಲ, ಬೇರು ಮೇಲೆಯೇ ಇರುತ್ತದೆ. ಹಾಗಾಗಿ ಎರಡು ವಾರಕ್ಕೊಮ್ಮೆ, ತಪ್ಪದೆ, ಚಿಗುರನ್ನು ಮಣ್ಣಿನ ಮಟ್ಟಕ್ಕಿಂತ ಒಂದು ಅಂಗುಲ ಕೆಳಗೆ ಕತ್ತರಿಸುತ್ತಾ ಹೋದೆ. ಪ್ರತಿ ಸಲ ಚಿಗುರುವಾಗಲೂ ಗಡ್ಡೆ ತನ್ನೊಳಗಿನ ಹಿಟ್ಟನ್ನು ಖರ್ಚು ಮಾಡಬೇಕು. ಎಲೆ ಬಲಿತು ಹೊಸ ಗಡ್ಡೆ ಕಟ್ಟುವ ಮೊದಲೇ ನಾವು ಮತ್ತೆ ಕತ್ತರಿಸಿದರೆ ಅದು ಬಡವಾಗುತ್ತದೆ. ಮೊದಲ ವರ್ಷ ನನಗೆ ಅಳು ಬರುವಷ್ಟು ಬೇಸರವಾಗಿತ್ತು. ಎರಡನೆಯ ವರ್ಷ ಚಿಗುರು ಸಣಕಲಾಯಿತು. ಮೂರನೆಯ ವರ್ಷ ಹುಡುಕಿ ಕೀಳಬೇಕಾಯಿತು. ನಡುವೆ ಒಂದು ತಿಂಗಳು ಬಿಟ್ಟರೆ ಮೊದಲಿನಿಂದ ಶುರು.

ಗುಡ್ಡದ ಮನೆ, ಮೂಡುಬಿದಿರೆ · ಮೇ 28, ಮಧ್ಯಾಹ್ನ 1.40

ಮೂರು ವರ್ಷ ಕಾಯುವ ಬದಲು ಪ್ಲಾಸ್ಟಿಕ್ ಹೊದಿಸಿದರೆ ಆಯಿತಲ್ಲ. ಬಿಸಿಲಿಗೆ ಎಲ್ಲ ಬೆಂದು ಹೋಗುತ್ತದೆ.

ಹಳೆಯ ಮೇಷ್ಟ್ರು, ಕುಂದಾಪುರ · ಮೇ 28, ಸಂಜೆ 4.30

ಬಿಸಿಲಿನ ಉಪಚಾರ ಒಳ್ಳೆಯದೇ, ಆದರೆ ಅದಕ್ಕೆ ಕಾಲ ಮೀರಿದೆ. ಏಪ್ರಿಲ್‌ನಲ್ಲಿ ನೆಲವನ್ನು ಸಮ ಮಾಡಿ, ನೀರು ಹಾಕಿ ತೇವ ಮಾಡಿ, ತೆಳುವಾದ ಪಾರದರ್ಶಕ ಹಾಳೆಯನ್ನು ಮಣ್ಣಿಗೆ ಅಂಟುವಂತೆ ಹೊದಿಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂತು, ನಾಲ್ಕರಿಂದ ಆರು ವಾರ ಬಿಡಬೇಕು. ಮೇಲಿನ ಎರಡು ಮೂರು ಅಂಗುಲದಲ್ಲಿರುವ ಬೀಜಗಳು ಹೆಚ್ಚಿನಂಶ ಸಾಯುತ್ತವೆ. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯ ಕೆಳಗೆ ಬಿಸಿ ಹೆಚ್ಚು. ಇದನ್ನು ಅನೇಕರು ತಿರುಗಾಮುರುಗಾ ಮಾಡುತ್ತಾರೆ.

ಆದರೆ ಕೊನ್ನಾರಿ ಗಡ್ಡೆ ಆಳದಲ್ಲಿರುತ್ತದೆ, ಬಿಸಿ ತಡೆಯುತ್ತದೆ. ಅದರ ಮೊನೆ ತೆಳು ಪ್ಲಾಸ್ಟಿಕ್ಕನ್ನು ಚುಚ್ಚಿಕೊಂಡೇ ಹೊರಗೆ ಬರುತ್ತದೆ. ಅದಕ್ಕೆ ನಿಜವಾದ ಶತ್ರು ನೆರಳು. ಬಯಲಿನ ಬಿಸಿಲಿನಲ್ಲಿ ಅದನ್ನು ಹಿಡಿಯುವವರಿಲ್ಲ. ದಟ್ಟ ನೆರಳಿನಲ್ಲಿ ಸೊರಗುತ್ತದೆ. ಬೆಂಡೆಯನ್ನು ಒಂದು ವರ್ಷ ಬಿಟ್ಟು ಆ ಸಾಲುಗಳಿಗೆ ಗೆಣಸಿನ ಬಳ್ಳಿ ನೆಡಿ. ಜೂನ್ ಮಧ್ಯದಲ್ಲಿ ನೆಟ್ಟರೆ ಆರು ವಾರದಲ್ಲಿ ನೆಲ ಕಾಣದ ಹಾಗೆ ಮುಚ್ಚುತ್ತದೆ. ಆ ಆರು ವಾರ ಮಾತ್ರ ಶಂಕರಪುರದವರು ಹೇಳಿದ ಹಾಗೆ ಬಿಡದೆ ಕತ್ತರಿಸಬೇಕು. ಗೆಣಸು ಕೀಳುವಾಗ ಹೇಗೂ ಮಣ್ಣು ಅಗೆಯುತ್ತೀರಿ, ಸಿಕ್ಕ ಕೊನ್ನಾರಿ ಗಡ್ಡೆಗಳನ್ನು ಆರಿಸಿ ಅಂಗಳದ ಬಿಸಿಲಿಗೆ ಹರಡಿ. ಪೂರ್ತಿ ಒಣಗಿದ ಗಡ್ಡೆ ಮತ್ತೆ ಹುಟ್ಟುವುದಿಲ್ಲ. ಹಸಿಯಾಗಿಯೇ ಗೊಬ್ಬರದ ಗುಂಡಿಗೆ ಮಾತ್ರ ಎಸೆಯಬೇಡಿ.

ನದಿದಂಡೆ, ಕೂಳೂರು · ಮೇ 28, ಸಂಜೆ 5.05

ಆ ಗಡ್ಡೆಯೇ ಆಯುರ್ವೇದದ ಭದ್ರಮುಷ್ಟಿ. ಒಣಗಿಸಿ ಇಡಿ, ನನ್ನ ಅಜ್ಜಿ ಜ್ವರಕ್ಕೆ ಕಷಾಯ ಮಾಡುತ್ತಿದ್ದರು.

ಬಾವಿಕಟ್ಟೆ, ಹಿರಿಯಡ್ಕ · ಮೇ 28, ರಾತ್ರಿ 8.20

ಗೆಣಸು! ಅದು ತಲೆಗೆ ಹೊಳೆದಿರಲಿಲ್ಲ. ಅಮ್ಮನಿಗೂ ಒಪ್ಪಿಗೆಯಾಯಿತು. ಇನ್ನೊಂದು ವಿಷಯ: ನಾಲ್ಕು ವರ್ಷದ ಹಿಂದೆ ನಮ್ಮ ಹಿತ್ತಿಲಿನಲ್ಲಿ ಕೊನ್ನಾರಿ ಇರಲಿಲ್ಲ. ಅದು ಎಲ್ಲಿಂದ ಬಂತು?

ಮಲ್ಲಿಗೆಯಂಗಳ, ಶಂಕರಪುರ · ಮೇ 28, ರಾತ್ರಿ 8.34

ಹೊರಗಿನಿಂದ ಮಣ್ಣು ಹಾಕಿಸಿದ್ದೀರಾ? ಅಥವಾ ಗೊಬ್ಬರ?

ಬಾವಿಕಟ್ಟೆ, ಹಿರಿಯಡ್ಕ · ಮೇ 28, ರಾತ್ರಿ 8.37

ಹೌದು. ಒಂದು ಟೆಂಪೋ ಕೆಂಪು ಮಣ್ಣು, ಮೂರು ವರ್ಷದ ಹಿಂದೆ. ತರಕಾರಿ ಸಾಲಿಗೆ.

ಮಲ್ಲಿಗೆಯಂಗಳ, ಶಂಕರಪುರ · ಮೇ 28, ರಾತ್ರಿ 8.40

ಅಲ್ಲಿಗೆ ಉತ್ತರ ಸಿಕ್ಕಿತು. ನರ್ಸರಿಯ ಚಟ್ಟಿಯಲ್ಲಿಯೂ ಹೀಗೆಯೇ ಬರುತ್ತದೆ. ಒಂದು ಮಲ್ಲಿಗೆ ಗಿಡದ ಜೊತೆ ಒಂದು ಗಡ್ಡೆ ಬಂದರೆ ಸಾಕು. ಈಗ ನಾನು ಯಾವ ಗಿಡ ತಂದರೂ ಮೊದಲು ಒಂದು ತಿಂಗಳು ಸಿಮೆಂಟ್ ಕಟ್ಟೆಯ ಮೇಲೆ ಇಟ್ಟು ನೋಡುತ್ತೇನೆ.

ಹಟ್ಟಿಗೊಬ್ಬರದಲ್ಲಿಯೂ ಬೀಜ ಬರುತ್ತದೆ. ದನದ ಹೊಟ್ಟೆಯಲ್ಲಿ ಎಲ್ಲ ಬೀಜ ಸಾಯುವುದಿಲ್ಲ. ರಾಶಿಯ ಒಳಗೆ 55 ಡಿಗ್ರಿ ಸೆಲ್ಸಿಯಸ್ ದಾಟುವಷ್ಟು ಬಿಸಿಯೇರಬೇಕು, ನಡುವೆ ಮಗುಚಬೇಕು.

ನದಿದಂಡೆ, ಕೂಳೂರು · ಮೇ 28, ರಾತ್ರಿ 9.02

ಅದಕ್ಕೇ ಹಿರಿಯರು ಸುಡುಮಣ್ಣು ಮಾಡುತ್ತಿದ್ದರು. ಬೇಸಿಗೆಯಲ್ಲಿ ತರಗೆಲೆಯ ಮೇಲೆ ಮಣ್ಣು ಹೇರಿ ನಿಧಾನವಾಗಿ ಸುಟ್ಟರೆ ಕಳೆಯ ಬೀಜವೂ ಇಲ್ಲ, ಹುಳವೂ ಇಲ್ಲ. ಮುಳ್ಳುಸೌತೆಯ ಸಾಲಿಗೆ ಅದರಷ್ಟು ಚೆಂದದ್ದು ಬೇರೆ ಇಲ್ಲ.

ತಾರಸಿ ತೋಟ, ಕದ್ರಿ · ಮೇ 28, ರಾತ್ರಿ 9.10

ನಗರದಲ್ಲಿ ಹೊಗೆ ಎಬ್ಬಿಸಲು ಆಗುವುದಿಲ್ಲ. ತರಗೆಲೆ ಸುಟ್ಟರೆ ಅದರ ಸತ್ವವೂ ಹೊಗೆಯಾಗುತ್ತದೆ. ನಾನು ಅದನ್ನು ಹೊದಿಕೆಗೇ ಬಳಸುತ್ತೇನೆ.

ನದಿದಂಡೆ, ಕೂಳೂರು · ಮೇ 28, ರಾತ್ರಿ 9.15

ಇಡೀ ತೋಟ ಸುಡಿ ಎಂದು ನಾನು ಹೇಳಿಲ್ಲ. ಬೀಜ ಮೊಳೆಸುವ ನಾಲ್ಕು ಬುಟ್ಟಿ ಮಣ್ಣಿಗೆ ಮಾತ್ರ.

ಅಡಿಕೆ ಸೋಗೆ, ಕಾರ್ಕಳ · ಮೇ 29, ಬೆಳಿಗ್ಗೆ 5.50

ಹೊದಿಕೆಯ ಮಾತು ಬಂತು. ಇದರಲ್ಲಿ ನನಗೆ ಸ್ವಲ್ಪ ಅನುಭವವಿದೆ. ತೆಂಗಿನ ಮಡಲು, ಅಡಿಕೆ ಸೋಗೆ, ಹಾಳೆ, ತೆಂಗಿನ ಸಿಪ್ಪೆ, ನಮ್ಮಲ್ಲಿ ಇದಕ್ಕೆ ಕೊರತೆಯಿಲ್ಲ. ಆದರೆ ಜನ ಉಪ್ಪಿನಕಾಯಿ ಬಡಿಸಿದ ಹಾಗೆ ಅಲ್ಲೊಂದು ಇಲ್ಲೊಂದು ಹಾಕಿ ಫಲ ಸಿಗಲಿಲ್ಲ ಎನ್ನುತ್ತಾರೆ. ತರಗೆಲೆಯಾದರೆ ಕನಿಷ್ಠ ನಾಲ್ಕು ಅಂಗುಲ ದಪ್ಪ ಬೇಕು, ಅದು ಒಂದು ತಿಂಗಳಿನಲ್ಲಿ ಎರಡು ಅಂಗುಲಕ್ಕೆ ಇಳಿಯುತ್ತದೆ, ಮತ್ತೆ ಹಾಕಬೇಕು. ಬೆಳಕು ಬೀಳದಿದ್ದರೆ ಕಳೆಯ ಹೆಚ್ಚಿನ ಬೀಜ ಮೊಳೆಯುವುದಿಲ್ಲ, ವಿಷಯ ಇಷ್ಟೇ. ತೆಂಗಿನ ಸಿಪ್ಪೆಯನ್ನು ಕವುಚಿ ಜೋಡಿಸಿ. ಮಲ್ಲಿ ಮಲ್ಲಿಯಾಗಿ ಇಟ್ಟರೆ ನೀರು ನಿಂತು ಸೊಳ್ಳೆ ಹುಟ್ಟುತ್ತದೆ. ಗಿಡದ ಕಾಂಡಕ್ಕೆ ತಾಗಿಸಬೇಡಿ, ಕೊಳೆಯುತ್ತದೆ.

ಮೇಷ್ಟ್ರು ಹೇಳಿದ 2022ರ ಅಧಿಸೂಚನೆ ನನಗೆ ಗೊತ್ತಿರಲಿಲ್ಲ.

ಬಾವಿಕಟ್ಟೆ, ಹಿರಿಯಡ್ಕ · ಮೇ 29, ಬೆಳಿಗ್ಗೆ 7.15

ಮಲ್ಲಿ ಮಲ್ಲಿಯಾಗಿ ಎಂದರೆ?

ಅಡಿಕೆ ಸೋಗೆ, ಕಾರ್ಕಳ · ಮೇ 29, ಬೆಳಿಗ್ಗೆ 7.20

ಅಂಗಾತ ಎಂದು ಬರೆಯಬೇಕಿತ್ತು. ಮೊಬೈಲಿನಲ್ಲಿ ಏನೋ ತಪ್ಪಾಯಿತು. ಹೊಟ್ಟೆ ಕೆಳಗೆ, ಬೆನ್ನು ಮೇಲೆ ಬರುವ ಹಾಗೆ ಇಡಬೇಕು.

ಗುಡ್ಡದ ಮನೆ, ಮೂಡುಬಿದಿರೆ · ಮೇ 29, ಬೆಳಿಗ್ಗೆ 8.00

ಹೊದಿಕೆಯ ಅಡಿಯಲ್ಲಿ ಹಾವು ಸೇರುತ್ತದೆ, ಅದನ್ನು ಯಾರೂ ಹೇಳುತ್ತಿಲ್ಲ. ಮಡಲು ಎತ್ತುವಾಗ ಕೊಳಕುಮಂಡಲ ಕಂಡವನು ನಾನು. ಕತ್ತಲಲ್ಲಿ ಬಾವಿಗೆ ನಡೆಯುವ ದಾರಿಗೆ ಯಾವ ಕಾರಣಕ್ಕೂ ಮಡಲು ಹಾಸಬೇಡಿ. ಹೊದಿಕೆ ಎತ್ತುವಾಗ ಕೈ ಹಾಕದೆ ಕೋಲಿನಿಂದ ಎತ್ತಿ.

ತಾರಸಿ ತೋಟ, ಕದ್ರಿ · ಮೇ 29, ಬೆಳಿಗ್ಗೆ 8.25

ಆಫ್ರಿಕನ್ ಬಸವನಹುಳವೂ ಅಲ್ಲಿಯೇ ಅಡಗುತ್ತದೆ. ಕಳೆದ ಮಳೆಗಾಲ ಒಂದೇ ರಾತ್ರಿಯಲ್ಲಿ ನಮ್ಮ ಕೆಳಗಿನ ಮನೆಯವರ ಬೆಂಡೆ ಸಸಿಗಳೆಲ್ಲ ಮಾಯವಾದವು. ಸಸಿ ಗೇಣುದ್ದ ಆಗುವವರೆಗೆ ಬುಡದ ಸುತ್ತ ಹೊದಿಕೆ ಬೇಡ. ರಾತ್ರಿ ಟಾರ್ಚ್ ಹಿಡಿದು, ಕೈಗವಸು ಹಾಕಿ, ಆರಿಸಿ ಉಪ್ಪುನೀರಿನ ಬಕೆಟಿಗೆ ಹಾಕಬೇಕು. ಬಕೆಟಿನಲ್ಲಿ ಉಪ್ಪಿದ್ದರೆ ಅಡ್ಡಿಯಿಲ್ಲ ತಾನೆ, ಮೇಷ್ಟ್ರೇ?

ಹಳೆಯ ಮೇಷ್ಟ್ರು, ಕುಂದಾಪುರ · ಮೇ 29, ಬೆಳಿಗ್ಗೆ 8.40

ಬಕೆಟಿನಲ್ಲಿ ಅಡ್ಡಿಯಿಲ್ಲ. ಆಮೇಲೆ ಆ ನೀರನ್ನು ಗಿಡಕ್ಕೆ ಚೆಲ್ಲಬೇಡಿ.

ನದಿದಂಡೆ, ಕೂಳೂರು · ಮೇ 29, ಬೆಳಿಗ್ಗೆ 9.30

ನಾಚಿಕೆ ಮುಳ್ಳಿಗೆ ಯಾರೂ ಉತ್ತರಿಸಲಿಲ್ಲ. ಆಡು ಕಟ್ಟಿ. ಆಡು ಮುಟ್ಟದ ಸೊಪ್ಪಿಲ್ಲ.

ಬಾವಿಕಟ್ಟೆ, ಹಿರಿಯಡ್ಕ · ಮೇ 29, ಬೆಳಿಗ್ಗೆ 9.34

ಬಸಳೆಯನ್ನೂ ಬಿಡುವುದಿಲ್ಲವಲ್ಲ ಅದು.

ಗೇರುಗುಡ್ಡೆ · ಮೇ 29, ಬೆಳಿಗ್ಗೆ 10.10

ನಾಚಿಕೆ ಮುಳ್ಳಿಗೆ ತಾಯಿಬೇರು ಇದೆ, ಕೊನ್ನಾರಿಯ ಹಾಗೆ ಗಡ್ಡೆ ಇಲ್ಲ. ಹಾಗಾಗಿ ಇದು ಸುಲಭದ ಶತ್ರು. ಎರಡು ದಿನ ಮಳೆ ಬಿದ್ದು ಮಣ್ಣು ಮೆತ್ತಗಾದಾಗ, ಬಳ್ಳಿಯನ್ನು ಕತ್ತಿಯಿಂದ ಸವರಿ ಬದಿಗೆ ಸರಿಸಿ, ಬುಡಕ್ಕೆ ಸಣ್ಣ ಹಾರೆ ಕೊಟ್ಟು ಮೀಟಿದರೆ ಬೇರು ಸಮೇತ ಬರುತ್ತದೆ. ಗುಲಾಬಿ ಚೆಂಡಿನಂಥ ಹೂ ಕಾಣುವ ಮೊದಲು ಮುಗಿಸಬೇಕು. ಬೀಜ ಉದುರಿದರೆ ವರ್ಷಗಟ್ಟಲೆ ಮಣ್ಣಿನಲ್ಲಿ ಕಾಯುತ್ತದೆ, ಅದರ ಕಾಯಿ ಪಂಚೆಗೆ, ನಾಯಿಯ ರೋಮಕ್ಕೆ ಅಂಟಿ ಊರೆಲ್ಲ ತಿರುಗುತ್ತದೆ. ದಾರಿಯ ಬದಿ ಬರಿದಾದ ಮೇಲೆ ಸುಮ್ಮನೆ ಬಿಡಬೇಡಿ. ಖಾಲಿ ನೆಲವನ್ನು ಪ್ರಕೃತಿ ಎರಡು ವಾರ ಕೂಡ ಖಾಲಿ ಇಡುವುದಿಲ್ಲ. ಅಲ್ಲಿ ಒಂದೆಲಗ ನೆಡಿ. ನಮ್ಮ ತುಳುವಿನ ತಿಮರೆ. ಬಾವಿಯ ಹತ್ತಿರದ ತೇವಕ್ಕೆ ಅದು ಚಾಪೆಯ ಹಾಗೆ ಹಬ್ಬುತ್ತದೆ, ಚಟ್ನಿಗೂ ಆಗುತ್ತದೆ.

ಮಲ್ಲಿಗೆಯಂಗಳ, ಶಂಕರಪುರ · ಮೇ 29, ಬೆಳಿಗ್ಗೆ 10.30

ತಿಮರೆ ಎಂದ ಕೂಡಲೇ ನೆನಪಾಯಿತು: ಎಲ್ಲವನ್ನೂ ಕಳೆ ಎಂದು ಕಿತ್ತೆಸೆಯಬೇಡಿ. ಮೊದಲ ಮಳೆಗೆ ಏಳುವ ತಜಂಕ್ ಇದೆಯಲ್ಲ, ಚಗಟೆ ಸೊಪ್ಪು, ಅದನ್ನು ಎಳೆಯದಾಗಿರುವಾಗಲೇ ಚಿವುಟಿ ಹಲಸಿನ ಬೀಜ ಹಾಕಿ ಪಲ್ಯ ಮಾಡಿ. ಆಟಿ ತಿಂಗಳಲ್ಲಿ ಅದಿಲ್ಲದೆ ನಮ್ಮ ಮನೆಯಲ್ಲಿ ಊಟವೇ ಇಲ್ಲ. ತಿಂದರೆ ಬೀಜ ಕಟ್ಟುವುದಿಲ್ಲ, ಅಂದರೆ ಕಳೆಯೂ ಆಗುವುದಿಲ್ಲ. ತೋಡಿನ ಬದಿಯ ಕೆಸುವಿನಿಂದ ಪತ್ರೊಡೆ. ನೆಲನೆಲ್ಲಿ, ತುಂಬೆ ಇದ್ದರೆ ಎರಡು ಗಿಡ ಉಳಿಸಿ.

ತಾರಸಿ ತೋಟ, ಕದ್ರಿ · ಮೇ 29, ಬೆಳಿಗ್ಗೆ 10.42

ಪತ್ರೊಡೆಗೆ ಯಾವ ಕೆಸು? ಕಳೆದ ವರ್ಷ ನಾನು ಮಾಡಿದ್ದು ಗಂಟಲು ತುರಿಸಿತು.

ಮಲ್ಲಿಗೆಯಂಗಳ, ಶಂಕರಪುರ · ಮೇ 29, ಬೆಳಿಗ್ಗೆ 10.50

ಹುಣಸೆಹುಳಿ ಕಡಿಮೆಯಾಗಿರಬೇಕು, ಬೇಯಿಸಿದ್ದೂ ಸಾಲದು. ಗುರುತಿಲ್ಲದ ಎಲೆ ಕೊಯ್ಯಬೇಡಿ. ಇದಕ್ಕೆ ಬೇರೆಯೇ ಚರ್ಚೆ ಆರಂಭಿಸೋಣ.

ಗುಡ್ಡದ ಮನೆ, ಮೂಡುಬಿದಿರೆ · ಮೇ 29, ಮಧ್ಯಾಹ್ನ 2.00

ಇಂಟರ್‌ಲಾಕ್ ಸಂದಿಯ ಹುಲ್ಲಿಗೆ ಕುದಿಯುವ ನೀರು. ಬಚ್ಚಲ ಹಂಡೆಯ ನೀರು ಸಾಲದು, ಒಲೆಯಿಂದ ಇಳಿಸಿದ ಕೂಡಲೇ ಸುರಿಯಬೇಕು. ಎಳೆಯ ಹುಲ್ಲು ಒಂದು ಸಲಕ್ಕೆ ಸಾಯುತ್ತದೆ, ಗರಿಕೆಗೆ ಮೂರು ನಾಲ್ಕು ಸಲ ಬೇಕು. ಅಮ್ಮನ ಕೈಯಲ್ಲಿ ಈ ಕೆಲಸ ಮಾಡಿಸಬೇಡಿ, ಕಾಲ ಮೇಲೆ ಬಿದ್ದರೆ ಕಷ್ಟ. ಆಮೇಲೆ ಸಂದಿಗಳಿಗೆ ಮರಳು ಗುಡಿಸಿ ತುಂಬಿಸಿ; ಮಣ್ಣು ಸೇರುವುದರಿಂದಲೇ ಹುಲ್ಲು ಬರುವುದು.

ನದಿದಂಡೆ, ಕೂಳೂರು · ಮೇ 29, ಮಧ್ಯಾಹ್ನ 2.20

ಇಂಟರ್‌ಲಾಕ್ ಹಾಕಿಸಿದ್ದೇ ತಪ್ಪು. ಮಳೆಗಾಲ ಮುಗಿದ ಮೇಲೆ ಅಂಗಳ ಕೆತ್ತಿ, ಸಮ ಮಾಡಿ, ಸೆಗಣಿ ಸಾರಿಸುವುದು ವರ್ಷಕ್ಕೊಂದು ಸಲದ ಕಳೆ ಕೆಲಸವೂ ಆಗಿತ್ತು.

ಬಾವಿಕಟ್ಟೆ, ಹಿರಿಯಡ್ಕ · ಮೇ 29, ರಾತ್ರಿ 8.45

ಅಂಗಳ ಕೆತ್ತುತ್ತಿದ್ದವರು ಯಾರು ಎಂದೂ ನೆನಪಿಸಿಕೊಳ್ಳಿ. ನಮ್ಮ ಮನೆಯಲ್ಲಿ ಅದು ಅಮ್ಮ. ಮೂವತ್ತೈದು ವರ್ಷ. ಆ ಮೊಣಕಾಲು ಹಾಗಾದದ್ದು ಸುಮ್ಮನೆ ಅಲ್ಲ.

ನದಿದಂಡೆ, ಕೂಳೂರು · ಮೇ 29, ರಾತ್ರಿ 9.00

ಕ್ಷಮಿಸಿ. ಅದನ್ನು ಯೋಚಿಸಿರಲಿಲ್ಲ.

ಹಳೆಯ ಮೇಷ್ಟ್ರು, ಕುಂದಾಪುರ · ಮೇ 29, ರಾತ್ರಿ 9.25

ನಿಂತು ಮಾಡುವ ಹತಾರ ಬೇಕು. ಊರಿನ ಆಚಾರಿಯವರಿಗೆ ಹೇಳಿ, ಹಳೆಯ ಗರಗಸದ ತುಂಡನ್ನು ಬಾಗಿಸಿ, ಎದೆಯೆತ್ತರದ ಹಿಡಿ ಹಾಕಿಸಿಕೊಳ್ಳಿ. ಮಣ್ಣಿನ ಮೇಲ್ಪದರವನ್ನು ಅರ್ಧ ಅಂಗುಲ ಸವರುತ್ತಾ ಹೋದರೆ ಎರಡೆಲೆಯ ಕಳೆ ಅಲ್ಲೇ ಬಾಡುತ್ತದೆ. ಬಿಸಿಲಿರುವ ಬೆಳಿಗ್ಗೆ ಮಾಡಬೇಕು. ಮಳೆಯಲ್ಲಿ ಸವರಿದರೆ ಮತ್ತೆ ಬೇರೂರುತ್ತದೆ. ಆಳ ಅಗೆದರೆ ಕೆಳಗೆ ಮಲಗಿರುವ ಬೀಜಗಳಿಗೆ ಬೆಳಕು ತೋರಿಸಿ ಎಬ್ಬಿಸಿದ ಹಾಗೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವವರೆಗೆ ನಾವು ಕಾಯುತ್ತೇವೆ, ತೊಂದರೆ ಅಲ್ಲಿದೆ.

ಬೀಜ ಬಿತ್ತುವ ಮೊದಲೂ ಒಂದು ಉಪಾಯವಿದೆ. ಸಾಲು ಸಿದ್ಧ ಮಾಡಿ, ಬಿತ್ತದೆ ಹತ್ತು ದಿನ ಬಿಡಿ. ಮಳೆಗೆ ಕಳೆಯೆಲ್ಲ ಮೊಳೆಯುತ್ತದೆ. ಅದನ್ನು ತೆಳುವಾಗಿ ಸವರಿ ಕೊಂದ ಮೇಲೆ ಬೀಜ ಹಾಕಿ. ಹತ್ತು ದಿನ ತಡವಾಗುತ್ತದೆ, ಒಂದು ತಿಂಗಳ ಕೆಲಸ ಉಳಿಯುತ್ತದೆ.

ಅಡಿಕೆ ಸೋಗೆ, ಕಾರ್ಕಳ · ಮೇ 30, ಬೆಳಿಗ್ಗೆ 6.05

ನನ್ನ ಪ್ರಶ್ನೆ ಹಾಗೆಯೇ ಉಳಿದಿದೆ. ಐದು ಎಕರೆಗೆ ಏನು ಮಾಡಲಿ? ಗುಡ್ಡದ ಬದಿಯಲ್ಲಿ ಕಮ್ಯುನಿಸ್ಟ್ ಗಿಡ ಎಂಬ ಪೊದೆ ಕಳೆ ಆಳೆತ್ತರ ನಿಂತಿದೆ.

ಗುಡ್ಡದ ಮನೆ, ಮೂಡುಬಿದಿರೆ · ಮೇ 30, ಬೆಳಿಗ್ಗೆ 7.30

ನನ್ನದು ಎರಡು ಎಕರೆ, ಇಳಿಜಾರು. ಮೊದಲು ನಾನೂ ಕಳೆನಾಶಕ ಸಿಂಪಡಿಸಿದವನೇ. ಒಂದು ವರ್ಷ ಜುಲೈಯಲ್ಲಿ ಬೋಳಾದ ಇಳಿಜಾರಿನ ಮಣ್ಣು ತೋಡಿಗೆ ಇಳಿದು ಅಡಿಕೆಯ ಬೇರು ಹೊರಗೆ ಕಂಡಿತು. ಅಂದಿನಿಂದ ನಿಲ್ಲಿಸಿದೆ. ಈಗ ವರ್ಷಕ್ಕೆ ಮೂರು ಸಲ ಯಂತ್ರದಿಂದ ಹುಲ್ಲು ಕತ್ತರಿಸುತ್ತೇನೆ. ಬುಡ ಕೀಳುವುದಿಲ್ಲ, ಬೇರು ಮಣ್ಣನ್ನು ಹಿಡಿದುಕೊಳ್ಳಲಿ. ಕತ್ತರಿಸಿದ್ದು ಅಲ್ಲಿಯೇ ಬೀಳುತ್ತದೆ. ಯಂತ್ರ ಓಡಿಸುವಾಗ ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಬೇಕೇ ಬೇಕು. ಮುರಕಲ್ಲಿನ ಚೂರು ಸಿಡಿದು ನನ್ನ ಹುಬ್ಬಿಗೆ ನಾಲ್ಕು ಹೊಲಿಗೆ ಬಿದ್ದಿದೆ.

ಕಮ್ಯುನಿಸ್ಟ್ ಗಿಡ ಡಿಸೆಂಬರ್ ಹೊತ್ತಿಗೆ ಹೂ ಬಿಡುತ್ತದೆ, ಆಮೇಲೆ ಬೀಜ ಗಾಳಿಯಲ್ಲಿ ಹಾರುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಕಡಿದು ಅಡಿಕೆಯ ಬುಡಕ್ಕೆ ಹಾಕಿ. ಒಳ್ಳೆಯ ಸೊಪ್ಪು. ಹೂ ಬಿಟ್ಟ ಮೇಲೆ ಕಡಿದರೆ ನೀವೇ ಬಿತ್ತಿದ ಹಾಗೆ.

ಹಳೆಯ ಮೇಷ್ಟ್ರು, ಕುಂದಾಪುರ · ಮೇ 30, ಬೆಳಿಗ್ಗೆ 8.10

ಕಾರ್ಕಳದವರೇ, ಐದು ಎಕರೆಯಲ್ಲಿ ಒಂದು ತುಂಡಿಗೆ ನೆಲ ಮುಚ್ಚುವ ಬೆಳೆ ಪ್ರಯತ್ನಿಸಿ. ರಬ್ಬರ್ ತೋಟಗಳಲ್ಲಿ ಪ್ಯುರೇರಿಯಾ, ಮುಕುನಾ ಬಳ್ಳಿಗಳನ್ನು ಇದಕ್ಕಾಗಿಯೇ ಹಬ್ಬಿಸುತ್ತಾರೆ. ಬಳ್ಳಿ ಮರ ಹತ್ತದ ಹಾಗೆ ನೋಡಿಕೊಳ್ಳಬೇಕು, ಅದೂ ಒಂದು ಕೆಲಸವೇ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ.

ಅಡಿಕೆ ಸೋಗೆ, ಕಾರ್ಕಳ · ಮೇ 30, ಬೆಳಿಗ್ಗೆ 8.25

ಅರ್ಧ ಎಕರೆಗೆ ಮಾಡಿ ನೋಡುತ್ತೇನೆ. ಉಳಿದದ್ದಕ್ಕೆ ಈ ವರ್ಷ ಯಂತ್ರ. ಪೆಟ್ರೋಲಿನ ಲೆಕ್ಕ ಬರೆದಿಟ್ಟು ಮುಂದಿನ ವರ್ಷ ಇಲ್ಲಿಯೇ ಹಾಕುತ್ತೇನೆ, ಆಗ ಮಾತನಾಡೋಣ.

ಬಾವಿಕಟ್ಟೆ, ಹಿರಿಯಡ್ಕ · ಜುಲೈ 24, ರಾತ್ರಿ 9.30

ಗೆಣಸಿನ ಬಳ್ಳಿ ಜೂನ್ 15ಕ್ಕೆ ನೆಟ್ಟೆವು. ನಾಲ್ಕು ಸಾಲಿನಲ್ಲಿ ಮೂರು ಪೂರ್ತಿ ಮುಚ್ಚಿವೆ. ನಾಲ್ಕನೆಯದರಲ್ಲಿ ನೀರು ನಿಂತು ಬಳ್ಳಿ ಕೊಳೆಯಿತು, ಅಲ್ಲಿ ಕೊನ್ನಾರಿಯದೇ ರಾಜ್ಯ. ಆಚಾರಿಯವರು ಮಾಡಿಕೊಟ್ಟ ಉದ್ದ ಹಿಡಿಯ ಹತಾರ ಅಮ್ಮನಿಗೆ ತುಂಬ ಹಿಡಿಸಿದೆ. ಬೇಡ ಎಂದರೂ ಮಳೆ ಬಿಟ್ಟ ಬೆಳಿಗ್ಗೆಗಳಲ್ಲಿ ಹತ್ತು ನಿಮಿಷ ನಿಂತು ಸವರುತ್ತಾರೆ. ನಾಚಿಕೆ ಮುಳ್ಳು ಒಂದು ಬದಿ ಮುಗಿಯಿತು, ಇನ್ನೊಂದು ಬದಿ ಹೂ ಬಿಟ್ಟ ಮೇಲೆ ಕೈಗೆ ಬಂತು; ತಡವಾಯಿತು.

ಮಲ್ಲಿಗೆಯಂಗಳ, ಶಂಕರಪುರ · ಜುಲೈ 24, ರಾತ್ರಿ 9.48

ಮೂರು ಸಾಲು ಗೆದ್ದಿದ್ದೀರಿ! ನಾಲ್ಕನೆಯದನ್ನು ಮುಂದಿನ ಸಲ ಏರಿ ಮಾಡಿ ನೆಡಿ.

ಬಾವಿಕಟ್ಟೆ, ಹಿರಿಯಡ್ಕ · ಅಕ್ಟೋಬರ್ 19, ಸಂಜೆ 6.10

ಇಂದು ಗೆಣಸು ಕಿತ್ತೆವು. ಮೂರು ಸಾಲಿನಿಂದ ಎರಡು ಬುಟ್ಟಿ. ಅಗೆಯುವಾಗ ಆರಿಸಿದ ಕೊನ್ನಾರಿ ಗಡ್ಡೆ ಒಂದು ಸೇರು ಕೂಡ ಇಲ್ಲ, ಹೆಚ್ಚಿನವು ಸುಕ್ಕಿದ್ದವು. ನಾಲ್ಕನೆಯ ಸಾಲಿನಲ್ಲಿ ಮಾತ್ರ ಅದೇ ಗಟ್ಟಿ ಕಪ್ಪು ಗಡ್ಡೆಗಳು. ಪಕ್ಕದ ಮನೆಯವರು ಬೇಲಿಯ ಆಚೆಯಿಂದ ನೋಡುತ್ತಿದ್ದರು, ಅವರಿಗೂ ಒಂದು ಬುಟ್ಟಿ ಬಳ್ಳಿ ಕೊಟ್ಟೆ. ದಾರಿಯ ಬದಿಗೆ ತಿಮರೆ ಹಬ್ಬಿದೆ, ಬೇಕಾದವರು ಹೇಳಿ.

ತಾರಸಿ ತೋಟ, ಕದ್ರಿ · ಅಕ್ಟೋಬರ್ 19, ಸಂಜೆ 6.25

ನನಗೆ ಬೇಕು. ಭಾನುವಾರ ಉಡುಪಿಗೆ ಬರುತ್ತಿದ್ದೇನೆ. ಎರಡು ಚಟ್ಟಿಗೆ ಆಗುವಷ್ಟು ಸಾಕು.

ಬಾವಿಕಟ್ಟೆ, ಹಿರಿಯಡ್ಕ · ಅಕ್ಟೋಬರ್ 19, ಸಂಜೆ 6.31

ಬನ್ನಿ. ಬೇರಿನ ಮಣ್ಣನ್ನು ಪೂರ್ತಿ ತೊಳೆದು ಕೊಡುತ್ತೇನೆ, ಒಂದು ಗಡ್ಡೆಯೂ ನಿಮ್ಮ ಮನೆಗೆ ಬರಬಾರದು.